ಕಡಲ ಬದಿಯ ಮನೆಗೆ ಸೊಳ್ಳೆ ಜಾಲರಿ: ಯಾವ ಮೆಶ್ ತುಕ್ಕು ಹಿಡಿಯುತ್ತೆ, ಯಾವುದು ಬಾಳಿಕೆ ಬರುತ್ತೆ?

ಉಚ್ಚಿಲ: ಸಂಜೆ ಆರು ಗಂಟೆ ಆಗುತ್ತಿದ್ದಂತೆ ಉಚ್ಚಿಲ, ಎರ್ಮಾಳು, ಮೂಳೂರು, ಪಡುಬಿದ್ರಿ ಕಡೆಯ ಮನೆಗಳಲ್ಲಿ ಒಂದೊಂದೇ ಕಿಟಕಿ ಮುಚ್ಚುತ್ತದೆ. ಮುಚ್ಚದಿದ್ದರೆ ಉಮಿಲ್ ಕಾಟ, ಮುಚ್ಚಿದರೆ ಸೆಕೆ. ಏಪ್ರಿಲ್, ಮೇ ತಿಂಗಳಲ್ಲಂತೂ ಕಡಲಿನಿಂದ ಬರುವ ಗಾಳಿಯನ್ನು ಹೊರಗೆ ನಿಲ್ಲಿಸಿ ಒಳಗೆ ಫ್ಯಾನ್ ಹಾಕಿ ಬೆವರುವ ಪರಿಸ್ಥಿತಿ. ಹೀಗಾಗಿ ಈಗ ಹೊಸ ಮನೆ ಕಟ್ಟುವವರು ಮಾತ್ರವಲ್ಲ, ಹಳೆ ಹೆಂಚಿನ ಮನೆಯವರೂ ಕಿಟಕಿಗೆ ಜಾಲರಿ ಹಾಕಿಸುತ್ತಿದ್ದಾರೆ. ಅಂಗಡಿಯಲ್ಲಿ ಇದಕ್ಕೆ ಮೆಶ್, ನೆಟ್, ಸೊಳ್ಳೆ ಜಾಲರಿ ಅಂತ ಬೇರೆ ಬೇರೆ ಹೆಸರು.

ತೊಂದರೆ ಶುರುವಾಗೋದು ಆಮೇಲೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಜಾಲರಿ ಕೆಂಪಗಾಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗಿ ಉದುರುತ್ತದೆ. ಇಲ್ಲವೇ ಅಂಚಿನ ಅಂಟು ಬಿಟ್ಟು ನೇತಾಡುತ್ತದೆ. ಕಾರ್ಕಳದ ನೆಂಟರ ಮನೆಯಲ್ಲಿ ಚೆನ್ನಾಗಿಯೇ ಇರುವ ಅದೇ ಮಾಲು ಇಲ್ಲಿ ಯಾಕೆ ನಿಲ್ಲೋದಿಲ್ಲ ಅಂತ ಕೇಳಿದರೆ, ಉತ್ತರ ಪಡುದಿಕ್ಕಿನಲ್ಲೇ ಇದೆ: ಕಡಲು.

ಉಪ್ಪು ಮಾಡುವ ಕೆಲಸ

ತೆರೆ ಒಡೆದಾಗ ಏಳುವ ಸಣ್ಣ ಹನಿಗಳಲ್ಲಿ ಉಪ್ಪಿರುತ್ತದೆ. ಗಾಳಿ ಅದನ್ನು ಹೊತ್ತು ತಂದು ಕಿಟಕಿಯ ಮೇಲೆ ಕೂರಿಸುತ್ತದೆ. ಉಪ್ಪಿಗೆ ಗಾಳಿಯ ತೇವ ಹೀರುವ ಗುಣ ಇರೋದರಿಂದ (ಅಡುಗೆಮನೆ ಭರಣಿಯಲ್ಲಿ ಮಳೆಗಾಲದಲ್ಲಿ ನೋಡಿದರೆ ಗೊತ್ತಾಗುತ್ತೆ) ಲೋಹದ ಮೇಲೆ ತೆಳುವಾದ ಒದ್ದೆ ಪದರ ಸದಾ ಉಳಿಯುತ್ತದೆ. ಸ್ಟೀಲ್ ಆಗಲಿ ಅಲ್ಯೂಮಿನಿಯಂ ಆಗಲಿ ಹಾಳಾಗದೆ ಉಳಿಯೋದು ಅದರ ಮೈಮೇಲಿನ ತೆಳ್ಳನೆಯ ರಕ್ಷಣಾ ಪದರದಿಂದ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಪದರವನ್ನೇ ಅಲ್ಲಲ್ಲಿ ಚುಚ್ಚುತ್ತದೆ. ದಪ್ಪ ಸರಳಿಗೆ ಇದರಿಂದ ಅಷ್ಟೇನೂ ಆಗದಿರಬಹುದು. ಕೂದಲಿಗಿಂತ ತುಸು ದಪ್ಪ ಇರುವ ತಂತಿಗೆ ಒಂದು ಚುಚ್ಚು ಬಿದ್ದರೂ ತಂತಿ ತುಂಡಾದ ಹಾಗೆಯೇ.

ಕಡಲಿನಿಂದ ದೂರ ಹೋದ ಹಾಗೆ ಉಪ್ಪು ಕಡಿಮೆ ಆಗುತ್ತದೆ. ಉಚ್ಚಿಲದಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಡು ಬದಿಯ ಮನೆಗಳಿಗೂ ಮೂಡು ಬದಿಯ ಮನೆಗಳಿಗೂ ಈ ವಿಷಯದಲ್ಲಿ ವ್ಯತ್ಯಾಸ ಇದೆ. ಹಾಗಂತ ಮೂಡು ಬದಿಯವರು ಪೂರ್ತಿ ನಿಶ್ಚಿಂತೆ ಅಂತಲ್ಲ. ಮಳೆಗಾಲದ ಪಡುಗಾಳಿ ರಸ್ತೆ ದಾಟುತ್ತದೆ.

ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಮಳೆನೀರು ನೇರ ಬಡಿಯುವ ಕಿಟಕಿಗಿಂತ ಸಜ್ಜಾದ ಅಡಿಯಲ್ಲಿ, ಉದ್ದ ಮಾಡಿನ ಕೆಳಗೆ ಇರುವ ಕಿಟಕಿಯ ಜಾಲರಿ ಬೇಗ ಹಾಳಾಗುವುದುಂಟು. ಮಳೆ ಬಡಿದಲ್ಲಿ ಉಪ್ಪು ತೊಳೆದು ಹೋಗುತ್ತದೆ, ಮರೆಯಲ್ಲಿರುವಲ್ಲಿ ಕೂತ ಉಪ್ಪು ಕೂತೇ ಇರುತ್ತದೆ.

ಕಬ್ಬಿಣ, ಅಲ್ಯೂಮಿನಿಯಂ

ಜಿಐ ಅಂದರೆ ಕಬ್ಬಿಣದ ತಂತಿಗೆ ಸತುವಿನ ಲೇಪ. ಸತು ತಾನು ಕರಗುತ್ತಾ ಕಬ್ಬಿಣವನ್ನು ಕಾಯುತ್ತದೆ. ಸತು ಮುಗಿದ ದಿನ ತುಕ್ಕು ಶುರು. ತಂತಿ ತೆಳು ಆದಷ್ಟೂ ಲೇಪವೂ ತೆಳು. ಕೋಳಿಗೂಡಿಗೆ, ತೋಟದ ಬೇಲಿಗೆ ಸರಿ. ಉಚ್ಚಿಲದ ಕಿಟಕಿಗೆ ಇದನ್ನು ಹಾಕಿಸಬೇಡಿ ಅನ್ನುವುದೊಂದೇ ಹೇಳಬೇಕಾದ ಮಾತು.

ಅಲ್ಯೂಮಿನಿಯಂ ಜಾಲರಿ ಕೆಂಪು ತುಕ್ಕು ಹಿಡಿಯೋದಿಲ್ಲ. ಆದರೆ ಬಿಳಿ ಪುಡಿ ಬರುತ್ತದೆ, ಸಣ್ಣ ಗುಳಿ ಬೀಳುತ್ತದೆ. ತಂತಿ ಮೆತ್ತಗೆ ಇರೋದರಿಂದ ಒಮ್ಮೆ ಮಗುವಿನ ಕೈ ಒತ್ತಿ ಡೊಂಕಾದರೆ ಹಾಗೇ ಉಳಿಯಿತು. ಫ್ರೇಮಿಗೆ ಮಾತ್ರ ಅಲ್ಯೂಮಿನಿಯಂ ಒಳ್ಳೆಯದೇ, ಯಾಕೆಂದರೆ ಫ್ರೇಮಿನ ಸೆಕ್ಷನ್ ದಪ್ಪ ಇರುತ್ತದೆ, ಅದರ ಮೇಲೆ ಪೌಡರ್ ಕೋಟಿಂಗ್ ಅಥವಾ ಆನೊಡೈಸಿಂಗ್ ಇರುತ್ತದೆ. ಕೋಟಿಂಗ್ ಹಾಳಾಗುವುದು ಕತ್ತರಿಸಿದ ಮೂಲೆಯಲ್ಲಿ ಮತ್ತು ಸ್ಕ್ರೂ ತೂತಿನಲ್ಲಿ. ಫ್ರೇಮು ನೋಡುವಾಗ ಮಧ್ಯದ ಹೊಳಪು ನೋಡದೆ ನಾಲ್ಕು ಮೂಲೆ ನೋಡಿ.

ಸ್ಟೀಲ್ ಅಂದರೆ ಯಾವ ಸ್ಟೀಲ್?

ಇಲ್ಲಿ ಅತಿ ಹೆಚ್ಚು ಗೊಂದಲ, ಅತಿ ಹೆಚ್ಚು ದುಡ್ಡು ಹೋಗುವುದೂ ಇಲ್ಲೇ. ‘ಎಸ್‌ಎಸ್ ಮೆಶ್’ ಅಂತ ಬೋರ್ಡಿನಲ್ಲಿ ಇದ್ದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ಮಾರುಕಟ್ಟೆಯಲ್ಲಿ ಮೂರು ನಂಬರ್ ಮುಖ್ಯ: 202, 304, 316.

304 ಅಂದರೆ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್ ಇರುವ ಸ್ಟೀಲ್. ಮನೆಯ ಒಳ್ಳೆ ಪಾತ್ರೆಗಳ ಜಾತಿ. 202ರಲ್ಲಿ ದುಬಾರಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಹೊಸತರಲ್ಲಿ ಎರಡೂ ಒಂದೇ ಹೊಳಪು. 316ರಲ್ಲಿ ಶೇ 2ರಿಂದ 3ರಷ್ಟು ಮಾಲಿಬ್ಡಿನಂ ಇರುತ್ತದೆ, ಕ್ಲೋರೈಡ್ ಚುಚ್ಚುವುದನ್ನು ತಡೆಯುವುದು ಅದೇ. ಹಡಗು, ಬೋಟಿನ ಸಾಮಾನಿಗೆ 316 ಬಳಸುವುದು ಇದೇ ಕಾರಣಕ್ಕೆ.

ಕಡಲಿಗೆ ಹತ್ತಿರ ಇರುವಲ್ಲಿ 304ಕ್ಕೂ ಕಂದು ಕಲೆ ಬರುತ್ತದೆ, ಚಹಾ ಚೆಲ್ಲಿ ಒಣಗಿದ ಹಾಗೆ. ಇದು ಮೊದಲಿಗೆ ಮೇಲ್ಮೈಯ ಕಲೆ ಅಷ್ಟೇ, ತೊಳೆದು ಉಜ್ಜಿದರೆ ಹೋಗುತ್ತದೆ. ತೊಳೆಯದೆ ಬಿಟ್ಟರೆ ಗುಳಿ ಬೀಳುತ್ತದೆ. 202 ಆದರೆ ಇನ್ನೂ ಬೇಗ. ಹಾಗಾಗಿ ಕಡಲ ದಂಡೆಯಲ್ಲೇ ಮನೆ ಇದ್ದು ಲೋಹದ್ದೇ ಬೇಕು ಅನ್ನುವವರಿಗೆ 316, ಹೆದ್ದಾರಿಯ ಮೂಡಕ್ಕೆ ಇರುವವರಿಗೆ 304 ಸಾಕು. 202ಕ್ಕೆ ದುಡ್ಡು ಕೊಡುವುದು ಎರಡೂ ಕಡೆ ದಂಡ.

‘ಮ್ಯಾಗ್ನೆಟ್ ಹಿಡಿದು ನೋಡಿ, ಅಂಟದಿದ್ದರೆ ಒರಿಜಿನಲ್’ ಅನ್ನುವ ಮಾತು ಎಲ್ಲ ಕಡೆ ಓಡುತ್ತಿದೆ. ಅಯಸ್ಕಾಂತದಿಂದ ಜಿಐ ತಂತಿಯನ್ನು ಹಿಡಿಯಬಹುದು, ನಿಕ್ಕಲ್ ಇಲ್ಲದ 430 ಜಾತಿಯ ಸ್ಟೀಲನ್ನು ಹಿಡಿಯಬಹುದು. 202ಕ್ಕೂ 304ಕ್ಕೂ 316ಕ್ಕೂ ವ್ಯತ್ಯಾಸ ಅದರಿಂದ ಗೊತ್ತಾಗೋದಿಲ್ಲ, ಯಾಕೆಂದರೆ ಮೂರೂ ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವ ಜಾತಿಯವಲ್ಲ. ಮೇಲಾಗಿ ತಂತಿ ಎಳೆಯುವಾಗ, ಬಗ್ಗಿಸುವಾಗ ಅಸಲಿ 304ಕ್ಕೂ ಸ್ವಲ್ಪ ಅಯಸ್ಕಾಂತ ಗುಣ ಬರುತ್ತದೆ. ಅಂದರೆ ಒಳ್ಳೆ ಮಾಲನ್ನು ಸುಳ್ಳು ಅಂತ ಬಿಟ್ಟು, 202ನ್ನು ಒರಿಜಿನಲ್ ಅಂತ ತರುವ ಸಾಧ್ಯತೆಯೂ ಉಂಟು. ಗ್ರಾಹಕನಿಗೆ ಇರುವ ದಾರಿ ಒಂದೇ: ಗ್ರೇಡ್ ನಂಬರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು. ಬರೆದು ಕೊಡಲು ಒಪ್ಪದ ಕಡೆ 316ರ ರೇಟು ಕೊಡಬೇಕಾಗಿಲ್ಲ.

ಫೈಬರ್‌ಗ್ಲಾಸ್

ಕೈಗೆ ಬಟ್ಟೆಯ ಹಾಗೆ ಮೆತ್ತಗೆ ಸಿಗುವ ಕಪ್ಪು ಅಥವಾ ಬೂದು ಬಣ್ಣದ ಜಾಲರಿ ಇದು. ಗಾಜಿನ ನೂಲಿಗೆ ಪಿವಿಸಿ ಲೇಪ ಕೊಟ್ಟು ನೇಯ್ದು, ಬಿಸಿ ಮಾಡಿ ಅಂಟಿಸಿರುತ್ತಾರೆ. ‘ಪ್ಲಾಸ್ಟಿಕ್ ನೆಟ್’ ಅಂತ ಸಸಾರ ಮಾಡುವವರೇ ಹೆಚ್ಚು. ಆದರೆ ಉಪ್ಪು ಇದಕ್ಕೆ ಏನೂ ಮಾಡೋದಿಲ್ಲ. ತುಕ್ಕು ಹಿಡಿಯಲು ಇದರಲ್ಲಿ ಲೋಹವೇ ಇಲ್ಲ. ಸ್ಟೀಲಿಗಿಂತ ಅಗ್ಗ, ಹರಿದರೆ ಅದೇ ಫ್ರೇಮಿಗೆ ಮೆಶ್ ಮಾತ್ರ ಬದಲಿಸಬಹುದು. ಉಚ್ಚಿಲದಂಥ ಊರಿನ ಮಲಗುವ ಕೋಣೆ, ಚಾವಡಿ ಕಿಟಕಿಗಳಿಗೆ ಮೊದಲ ಆಯ್ಕೆ ಇದೇ ಆಗಬೇಕು.

ಇದರ ಶತ್ರುಗಳು ಬೇರೆ. ಬಿಸಿಲಿಗೆ ವರ್ಷಗಳ ಮೇಲೆ ಲೇಪ ಒಣಗಿ ಬಿರುಕು ಬಿಡುತ್ತದೆ. ಬೆಕ್ಕು ಉಗುರು ಹಾಕಿದರೆ ಹರಿಯುತ್ತದೆ, ಇಲಿಗೆ ಕಡಿಯಲು ಎರಡು ನಿಮಿಷ ಸಾಕು. ಮೀನು ಒಣಗಿಸುವ, ಮೀನು ಸ್ವಚ್ಛ ಮಾಡುವ ಕಡೆ ಬೆಕ್ಕಿನ ಓಡಾಟ ಎಷ್ಟಿರುತ್ತೆ ಅಂತ ಹೇಳಬೇಕಾಗಿಲ್ಲ. ಒಲೆಯ ಹತ್ತಿರದ ಕಿಟಕಿಗೂ ಇದು ಬೇಡ. ಬಿಸಿಗೆ ಲೇಪ ಮೆತ್ತಗಾಗುತ್ತದೆ, ಎಣ್ಣೆ ಜಿಡ್ಡು ಹಿಡಿದರೆ ಉಜ್ಜಿ ತೊಳೆಯಲು ಆಗೋದಿಲ್ಲ. ಹಾಗಾಗಿ ಅಡುಗೆಮನೆಯ ಒಂದು ಕಿಟಕಿಗೆ ಸ್ಟೀಲ್, ಉಳಿದವಕ್ಕೆ ಫೈಬರ್‌ಗ್ಲಾಸ್ ಅಂತ ಮಾಡಿದರೆ ಖರ್ಚೂ ಹಿಡಿತದಲ್ಲಿರುತ್ತದೆ. ಇಡೀ ಮನೆಗೆ ಒಂದೇ ಮೆಶ್ ಹಾಕಬೇಕು ಅನ್ನುವ ನಿಯಮ ಎಲ್ಲೂ ಇಲ್ಲ.

ವೆಲ್ಕ್ರೋ, ಮಡಿಕೆ ಜಾಲರಿ

ಬಾಡಿಗೆ ಮನೆಯವರು ಹೆಚ್ಚಾಗಿ ಹಾಕುವುದು ವೆಲ್ಕ್ರೋ ಪಟ್ಟಿಯಿಂದ ಅಂಟಿಸುವ ನೈಲಾನ್ ಅಥವಾ ಪಾಲಿಯೆಸ್ಟರ್ ನೆಟ್. ಅತಿ ಅಗ್ಗ, ತೆಗೆದು ಒಗೆಯಬಹುದು, ಮನೆ ಬಿಡುವಾಗ ತೆಗೆದುಕೊಂಡು ಹೋಗಬಹುದು. ಬಿಟ್ಟು ಬರುವುದು ಪಟ್ಟಿಯ ಹಿಂದಿನ ಅಂಟು. ಸುಣ್ಣ ಬಳಿದ ಗೋಡೆಗೆ, ಆಟಿ ತಿಂಗಳ ತೇವದಲ್ಲಿ ಅಂಟಿಸಿದರೆ ವಾರಕ್ಕೇ ಬರುತ್ತದೆ. ಬೇಸಿಗೆಯಲ್ಲಿ, ಮರದ ಅಥವಾ ಅಲ್ಯೂಮಿನಿಯಂ ದಾರಂದದ ಮೇಲೆ, ಧೂಳು ಒರೆಸಿ ಅಂಟಿಸಿದರೆ ಒಂದಷ್ಟು ಕಾಲ ನಿಲ್ಲುತ್ತದೆ.

ಮಡಿಕೆ ಮಡಿಕೆಯಾಗಿ ಬದಿಗೆ ಸರಿಯುವ ಪ್ಲೀಟೆಡ್ ಜಾಲರಿ ನೋಡಲು ಚಂದ. ಬಾಗಿಲಿಗೆ, ಬಾಲ್ಕನಿಗೆ ಅನುಕೂಲ. ಅದು ನಡೆಯುವುದು ಒಳಗಿರುವ ದಾರಗಳ ಬಿಗಿಯ ಮೇಲೆ. ಕೆಳಗಿನ ಹಳಿಯಲ್ಲಿ ಹೊಯಿಗೆ ಸೇರಿದರೆ ಎಳೆಯುವಾಗ ದಾರ ತುಂಡಾಗುತ್ತದೆ. ಕಡಲತಡಿಯ ಮನೆಗಳಲ್ಲಿ ಹೊಯಿಗೆಗೆ ಬರ ಇಲ್ಲ. ಹಾಕಿಸುವ ಮೊದಲು, ದಾರ ಹೋದರೆ ರಿಪೇರಿಗೆ ಯಾರು ಬರುತ್ತಾರೆ ಅಂತ ಕೇಳಿಕೊಳ್ಳುವುದು ಒಳ್ಳೆಯದು.

ಕಣ್ಣಿನ ಲೆಕ್ಕ

ಬಲೆಗೆ ಕಣ್ಣಿನ ಅಳತೆ ಮುಖ್ಯ ಅನ್ನುವುದನ್ನು ಮೊಗವೀರರ ಊರಿನಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ಕಿಟಕಿ ಜಾಲರಿಯದ್ದೂ ಅದೇ ಲೆಕ್ಕ. ಅಂಗಡಿಯಲ್ಲಿ 18×16 ಅಂತ ಹೇಳಿದರೆ ಒಂದು ಇಂಚಿನಲ್ಲಿ ಒಂದು ದಿಕ್ಕಿಗೆ 18, ಇನ್ನೊಂದು ದಿಕ್ಕಿಗೆ 16 ಕಣ್ಣು ಅಂತ ಅರ್ಥ. ಫೈಬರ್‌ಗ್ಲಾಸಿನಲ್ಲಿ ಇದು ಸಾಮಾನ್ಯ ಅಳತೆ. ನೂಲಿನ ದಪ್ಪ ಸುಮಾರು 0.28 ಮಿ.ಮೀ. ಒಂದು ಇಂಚು 25.4 ಮಿ.ಮೀ. ಆದ್ದರಿಂದ, ನೂಲು ಕಳೆದು ಉಳಿಯುವ ಕಣ್ಣು ಒಂದು ಕಡೆ ಹೆಚ್ಚುಕಡಿಮೆ 1.1, ಇನ್ನೊಂದು ಕಡೆ 1.3 ಮಿ.ಮೀ. ಸೊಳ್ಳೆಗೆ ಇದು ಸಾಕು. ಮೊದಲ ಮಳೆಗೆ ಟ್ಯೂಬ್‌ಲೈಟಿಗೆ ಮುತ್ತುವ ರೆಕ್ಕೆ ಗೆದ್ದಲೂ ಒಳಗೆ ಬರೋದಿಲ್ಲ. ತೀರಾ ಸಣ್ಣ ನೊರಜಿನಂಥವು ಮಾತ್ರ ನುಸುಳಬಹುದು. ಅದಕ್ಕೆ 20×20 ಬೇಕು.

ನಂಬರ್ ಜಾಸ್ತಿ ಆದಷ್ಟು ಒಳ್ಳೆಯದು ಅಂತ ತಿಳಿದರೆ ಗಾಳಿ ಹೋಗುತ್ತದೆ. 0.28 ಮಿ.ಮೀ. ನೂಲಿನ 18×16 ಜಾಲರಿಯಲ್ಲಿ ಮೂರರಲ್ಲಿ ಎರಡು ಪಾಲು ಜಾಗ ತೆರೆದಿರುತ್ತದೆ. ಅದೇ ಎಣಿಕೆ ಇಟ್ಟುಕೊಂಡು ತಂತಿಯನ್ನು 0.45 ಮಿ.ಮೀ. ದಪ್ಪ ಮಾಡಿದರೆ ತೆರೆದ ಜಾಗ ಅರ್ಧಕ್ಕೆ ಬರುತ್ತದೆ. ಕಳ್ಳರಿಂದಲೂ ರಕ್ಷಣೆ ಅಂತ ಮಾರುವ ದಪ್ಪ ತಂತಿಯ ಸ್ಟೀಲ್ ಮೆಶ್ ಹಾಕಿಸಿದವರ ಮನೆಯಲ್ಲಿ ‘ಮೊದಲಿನಷ್ಟು ಗಾಳಿ ಇಲ್ಲ’ ಅನ್ನಿಸುವುದು ಇದಕ್ಕೇ. ಬೆಳಕೂ ಅಷ್ಟೇ ಕಡಿಮೆ ಆಗುತ್ತದೆ. ಟೈಲರ್ ಟೇಪ್ ಇಟ್ಟು ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ಇಂಚಿಗೆ ಎಷ್ಟು ಕಣ್ಣು ಅಂತ ಅಂಗಡಿಯಲ್ಲೇ ಎಣಿಸಬಹುದು. ತೆರೆದ ಜಾಗ ಎಷ್ಟು ಅಂತ ಲೆಕ್ಕ ಹಾಕಲು ಬಾರದಿದ್ದರೆ ಚಿಂತೆ ಇಲ್ಲ, ಎರಡು ಮೆಶ್ ತುಂಡುಗಳನ್ನು ಫ್ಯಾನಿನ ಎದುರು ಹಿಡಿದು ಹಿಂದೆ ಕೈ ಇಟ್ಟರೆ ಗೊತ್ತಾಗುತ್ತೆ.

ಹಗಲು ಕಚ್ಚುವ ಸೊಳ್ಳೆ

ಜಾಲರಿ ಹಾಕಿಸಿದ ಬಹಳ ಮನೆಗಳಲ್ಲಿ ಹಗಲು ಅದನ್ನು ಸರಿಸಿ ಇಟ್ಟು ಸಂಜೆ ಮುಚ್ಚುತ್ತಾರೆ. ಮಲೇರಿಯಾ ಹರಡುವ ಅನಾಫಿಲಿಸ್, ಮೋರಿ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ರಾತ್ರಿಯವು, ನಿಜ. ಆದರೆ ಡೆಂಗ್ಯೂ, ಚಿಕೂನ್‌ಗುನ್ಯಾ ತರುವ ಈಡಿಸ್ ಕಚ್ಚುವುದು ಹಗಲು ಹೊತ್ತು, ಅದರಲ್ಲೂ ಬೆಳಿಗ್ಗೆ ಮತ್ತು ಸೂರ್ಯ ಮುಳುಗುವ ಮುಂಚೆ. ಮಧ್ಯಾಹ್ನ ತೊಟ್ಟಿಲಲ್ಲಿ ಮಲಗುವ ಮಗುವಿಗೆ, ಮಂಚದಲ್ಲಿರುವ ವಯಸ್ಸಾದವರಿಗೆ ರಾತ್ರಿಯ ಸೊಳ್ಳೆಪರದೆ ಹಗಲು ಕಾವಲು ಕೊಡೋದಿಲ್ಲ. ಆ ಕೆಲಸ ಕಿಟಕಿ ಜಾಲರಿಯದ್ದು. ಅದನ್ನು ದಿನವಿಡೀ ಮುಚ್ಚಿಯೇ ಇಡಬೇಕು. ಮುಚ್ಚಿಟ್ಟರೂ ಗಾಳಿ ಬರಲಿ ಅಂತಲೇ ಅಲ್ಲವೇ ಹಾಕಿಸಿದ್ದು.

ಸೊಳ್ಳೆಯಿಂದ ಮಲೇರಿಯಾ ಅಂತ ಸಾಬೀತಾದದ್ದು ನಮ್ಮ ದೇಶದಲ್ಲೇ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡರು. ಮೂರು ವರ್ಷದ ನಂತರ, 1900ರಲ್ಲಿ, ಲೋ ಮತ್ತು ಸಾಂಬೊನ್ ಎಂಬ ವೈದ್ಯರು ಇಟಲಿಯ ಒಸ್ತಿಯಾದ ಜೌಗು ನೆಲದಲ್ಲಿ ಜಾಲರಿ ಹಾಕಿದ ಗುಡಿಸಲಿನಲ್ಲಿ ಮಲೇರಿಯಾ ಕಾಲವನ್ನು ಕಳೆದರು. ಸಂಜೆಯಿಂದ ಬೆಳಗಿನವರೆಗೆ ಒಳಗೇ ಇರುವುದು, ಅಷ್ಟೇ ಉಪಾಯ. ಸುತ್ತಲಿನವರು ಜ್ವರದಲ್ಲಿ ನಡುಗುತ್ತಿದ್ದಾಗ ಇವರಿಗೆ ಜ್ವರ ಬರಲಿಲ್ಲ. ಆಮೇಲೆ 1904ರಿಂದ ಪನಾಮಾ ಕಾಲುವೆ ತೋಡುವಾಗ ಅಮೆರಿಕನ್ನರು ಕೆಲಸಗಾರರ ಮನೆ, ಆಸ್ಪತ್ರೆಗಳಿಗೆ ಜಾಲರಿ ಹೊದಿಸಿದರು. ಅಲ್ಲಿಯೂ ಕಬ್ಬಿಣದ ತಂತಿ ಕಡಲ ಗಾಳಿ, ಮಳೆಗೆ ತಡೆಯದೆ ತಾಮ್ರದ ಅಂಶ ಹೆಚ್ಚಿರುವ ಕಂಚಿನ ಜಾಲರಿಗೆ ಹೋಗಬೇಕಾಯಿತು. ಉಚ್ಚಿಲದ ಸಮಸ್ಯೆ ಹೊಸದೇನಲ್ಲ.

ಜಾಲರಿ ಇದ್ದೂ ಸೊಳ್ಳೆ ಯಾಕೆ?

ಹೆಂಚಿನ ಮನೆಗಳಲ್ಲಿ ಗೋಡೆಯ ತಲೆಗೂ ಮಾಡಿಗೂ ನಡುವೆ ಸಂದು ಇರುತ್ತದೆ, ಪಕ್ಕಾಸಿನ ಎಡೆಯಲ್ಲಿ ಬೆಳಕು ಕಾಣುತ್ತದೆ. ಕಿಟಕಿಗೆ 316 ಹಾಕಿಸಿದರೂ ಉಮಿಲ್ ಮೇಲಿನಿಂದ ಬರುತ್ತದೆ. ಇಂಥ ಮನೆಯಲ್ಲಿ ಆ ಸಂದಿಗೆ ಅಗ್ಗದ ನೈಲಾನ್ ನೆಟ್ ಪಟ್ಟಿ ಹೊಡೆಸುವುದು, ಅಥವಾ ಅಟ್ಟ ಇರುವ ಕೋಣೆಯೊಂದನ್ನು ಪೂರ್ತಿ ಭದ್ರ ಮಾಡಿಕೊಳ್ಳುವುದು, ಎಲ್ಲ ಕಿಟಕಿಗೆ ಖರ್ಚು ಮಾಡುವುದಕ್ಕಿಂತ ಉಪಯೋಗ. ಬಾಗಿಲಿನ ಅಡಿಯ ಸಂದು, ಎಕ್ಸಾಸ್ಟ್ ಫ್ಯಾನಿನ ತೂತು, ಎಸಿ ಪೈಪ್ ಹೋದ ತೂತು ಎಲ್ಲ ಇದೇ ಲೆಕ್ಕ.

ಸ್ಲೈಡಿಂಗ್ ಕಿಟಕಿಗೆ ಗಾಜಿನ ಎರಡು ಹಳಿಯ ಜೊತೆ ಜಾಲರಿಗೇ ಮೂರನೇ ಹಳಿ ಇಡಿಸಬೇಕು. ಮನೆ ಕಟ್ಟುವಾಗಲೇ ‘ತ್ರೀ ಟ್ರ್ಯಾಕ್’ ಅಂತ ಹೇಳದಿದ್ದರೆ ಆಮೇಲೆ ಹೊರಗಿನಿಂದ ಬೇರೆ ಫ್ರೇಮು ಕೂರಿಸುವ ಖರ್ಚು. ಗಾಜಿನ ಪಲ್ಲೆ ಅರ್ಧಕ್ಕೆ ನಿಲ್ಲಿಸಿದರೆ ಎರಡರ ನಡುವೆ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಗಾಜನ್ನು ಪೂರ್ತಿ ಒಂದು ಬದಿಗೆ ಸರಿಸಿ ಜಾಲರಿಯನ್ನು ಇನ್ನೊಂದು ಬದಿಗೆ ಸರಿಯಾಗಿ ಕೂರಿಸಬೇಕು. ಹೊರಗೆ ತೆರೆಯುವ ಹಳೆಯ ಮರದ ಕಿಟಕಿಗೆ ಜಾಲರಿ ಒಳಬದಿಗೆ ಬರುತ್ತದೆ. ಬಾಗಿಲ ಚಿಲಕಕ್ಕೆ ಕೈ ಹೋಗಲು ಅದು ತೆರೆಯುವ ಹಾಗಿರಬೇಕು, ಸ್ಕ್ರೂ ಹೊಡೆದು ಮುಚ್ಚಿಬಿಡಬಾರದು.

ಸ್ಕ್ರೂ ಮಾತು ಬಂದದ್ದರಿಂದ ಹೇಳುವುದು: ಜಾಲರಿ ಎಷ್ಟು ಒಳ್ಳೆಯದಾದರೂ ಕಬ್ಬಿಣದ ಸ್ಕ್ರೂ, ಕಬ್ಬಿಣದ ಬಿಜಾಗ್ರಿ ಹಾಕಿದರೆ ಮೊದಲು ಹೋಗುವುದು ಅವೇ. ಸ್ಟೀಲ್ ಮತ್ತು ಅಲ್ಯೂಮಿನಿಯಂ ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಸವೆಯುವುದು ಅಲ್ಯೂಮಿನಿಯಂ. ಅದಕ್ಕೇ ಸ್ಟೀಲ್ ಸ್ಕ್ರೂವಿನ ಅಡಿಗೆ ಪ್ಲಾಸ್ಟಿಕ್ ವಾಷರ್ ಇಡಿಸಿ.

ಜಾಲರಿ ಹಾಕಿದ ಮನೆಯೊಳಗೇ ಸೊಳ್ಳೆ ಹುಟ್ಟಿದರೆ ಅದಕ್ಕೆ ಹೊರಗೆ ಹೋಗುವ ದಾರಿಯೂ ಇಲ್ಲ. ಫ್ರಿಜ್ ಹಿಂದಿನ ಟ್ರೇ, ಹೂಕುಂಡದ ತಟ್ಟೆ ವಾರಕ್ಕೊಮ್ಮೆ ಬರಿದು ಮಾಡಬೇಕು. ಮನೆಯ ಹೊರಗೆ, ಸೆಪ್ಟಿಕ್ ಟ್ಯಾಂಕಿನ ಗಾಳಿ ಪೈಪಿನ ಬಾಯಿ, ಮೇಲಿನ ನೀರಿನ ಟ್ಯಾಂಕಿನ ಓವರ್‌ಫ್ಲೋ ಪೈಪು ಇವೆರಡಕ್ಕೂ ಉಳಿದ ಫೈಬರ್‌ಗ್ಲಾಸ್ ತುಂಡು ಕಟ್ಟಿದರೆ ಒಂದು ದೊಡ್ಡ ಕೆಲಸ ಮುಗಿದ ಹಾಗೆ. ಕರಾವಳಿಯ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸಿ ಮೊಟ್ಟೆ ಇಡುವುದು ಟ್ಯಾಂಕು, ಬಾವಿ, ಕಟ್ಟಡ ಕೆಲಸದ ನಿಂತ ನೀರಿನಲ್ಲೇ. 2024ರಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟರೆ ದಂಡ ಅಂತ ನಿಯಮ ತಂದಿತು. ಗ್ರಾಮೀಣ ಪ್ರದೇಶದಲ್ಲಿ ಮನೆಗೆ 200 ರೂ., ವ್ಯಾಪಾರದ ಜಾಗಕ್ಕೆ 500 ರೂ. ನಗರದಲ್ಲಿ ಇದರ ಎರಡು ಪಟ್ಟು.

ಹೋಟೆಲ್, ಅಂಗಡಿಯವರಿಗೆ

ಹೋಟೆಲು, ಬೇಕರಿ, ಮೀನು ಊಟದ ಕ್ಯಾಂಟೀನ್ ನಡೆಸುವವರಿಗೆ ಜಾಲರಿ ಇಷ್ಟವಿದ್ದರೆ ಹಾಕುವ ವಸ್ತು ಅಲ್ಲ. ಆಹಾರ ಸುರಕ್ಷತೆಯ 2011ರ ಲೈಸೆನ್ಸ್ ನಿಯಮಗಳ ನಾಲ್ಕನೇ ಅನುಸೂಚಿಯಲ್ಲಿ ಕಿಟಕಿ, ಬಾಗಿಲು, ತೆರೆದ ಜಾಗಗಳಿಗೆ ಕೀಟ ಬಾರದಂತೆ ಜಾಲರಿ ಇರಬೇಕು, ಅದು ಸುಲಭವಾಗಿ ತೆಗೆದು ತೊಳೆಯುವಂಥದ್ದಾಗಿರಬೇಕು ಅಂತ ಇದೆ. ಮೊಳೆ ಹೊಡೆದು ಕೂರಿಸಿ ಎಣ್ಣೆ ಜಿಡ್ಡಿನಿಂದ ಕಪ್ಪಾದ ಜಾಲರಿ ಈ ಲೆಕ್ಕಕ್ಕೆ ಬರೋದಿಲ್ಲ. ಅಡುಗೆ ಕೋಣೆಗೆ 304 ಅಥವಾ 316 ಸ್ಟೀಲ್, ಕಳಚುವ ಫ್ರೇಮಿನಲ್ಲಿ ಹಾಕಿಸಿದರೆ ಬಿಸಿನೀರು, ಸೋಪಿನಲ್ಲಿ ಉಜ್ಜಬಹುದು. ನೊಣಕ್ಕೆ ಸೊಳ್ಳೆಯಷ್ಟು ಸಣ್ಣ ಕಣ್ಣು ಬೇಕಾಗಿಲ್ಲ, ಆದರೆ ಎರಡಕ್ಕೂ ಆಗುವ 18×16 ಇಟ್ಟುಕೊಂಡರೆ ಪ್ರತ್ಯೇಕ ಯೋಚನೆ ಬೇಡ.

ಬೆಲೆ ಕೇಳುವಾಗ

ರೇಟು ಚದರ ಅಡಿ ಲೆಕ್ಕದಲ್ಲಿ ಹೇಳುತ್ತಾರೆ. ವೆಲ್ಕ್ರೋ ನೆಟ್ ಎಲ್ಲಕ್ಕಿಂತ ಕೆಳಗೆ, ಫ್ರೇಮು ಸಮೇತ ಫೈಬರ್‌ಗ್ಲಾಸ್ ಅದರ ಮೇಲೆ, ಆಮೇಲೆ 304, ಪ್ಲೀಟೆಡ್, ಎಲ್ಲಕ್ಕಿಂತ ಮೇಲೆ 316. ಹೇಳಿದ ರೇಟಿನಲ್ಲಿ ಫ್ರೇಮು, ರಬ್ಬರ್ ಬೀಡಿಂಗ್, ಕೂರಿಸುವ ಕೂಲಿ ಸೇರಿದೆಯೇ, ಸಣ್ಣ ಕಿಟಕಿಗೆ ಕನಿಷ್ಠ ಇಷ್ಟು ಚದರ ಅಡಿ ಅಂತ ಹಿಡಿಯುತ್ತಾರೆಯೇ ಅಂತ ಮೊದಲೇ ಕೇಳಿ. ಟಾಯ್ಲೆಟ್ ಕಿಟಕಿಯಂಥ ಸಣ್ಣವು ನಾಲ್ಕಿದ್ದರೆ ಬಿಲ್ಲು ಏರುವುದು ಅಲ್ಲೇ. ಎರಡು ವರ್ಷದ ಮೇಲೆ ಮೆಶ್ ಮಾತ್ರ ಬದಲಿಸಿ ಕೊಡಲು ಏನು ರೇಟು ಅನ್ನುವುದನ್ನೂ ಕೇಳಿಟ್ಟುಕೊಳ್ಳಿ.

ಅಳತೆಗೆ ಬಂದವರು ಕಿಟಕಿಯ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಗಲ ಅಳೆಯಬೇಕು. ಹಳೆ ಮರದ ದಾರಂದ ಮಳೆಗೆ ಉಬ್ಬಿ ಸೊಟ್ಟಗಾಗಿರುತ್ತದೆ. ಒಂದೇ ಕಡೆ ಅಳೆದು ಮಾಡಿದ ಫ್ರೇಮು ಒಂದು ಮೂಲೆಯಲ್ಲಿ ಸಂದು ಬಿಡುವುದು ಖಾತ್ರಿ.

ಹಾಕಿಸಿದ ಮೇಲೆ ತಿಂಗಳಿಗೊಮ್ಮೆ, ಪಡು ಬದಿಯವರಾದರೆ ಹದಿನೈದು ದಿನಕ್ಕೊಮ್ಮೆ, ಬಾವಿ ನೀರಿನಲ್ಲಿ ತೊಳೆದರೆ ಸಾಕು. ಫೈಬರ್‌ಗ್ಲಾಸಿಗೆ ಮೆತ್ತನೆ ಬಟ್ಟೆ, ಸ್ಟೀಲಿಗೆ ಸೋಪಿನ ನೀರು ಮತ್ತು ಹಳೆ ಟೂತ್‌ಬ್ರಷ್. ಪಾತ್ರೆ ಉಜ್ಜುವ ಕಬ್ಬಿಣದ ನಾರು ಸ್ಟೀಲ್ ಜಾಲರಿಗೆ ತಾಗಿಸಬಾರದು, ಅದರ ಚೂರು ಅಲ್ಲೇ ಉಳಿದು ತುಕ್ಕಿನ ಚುಕ್ಕಿ ಮಾಡುತ್ತದೆ. ಬ್ಲೀಚಿಂಗ್ ಪುಡಿಯ ನೀರೂ ಬೇಡ, ಅದರಲ್ಲಿಯೂ ಕ್ಲೋರಿನ್ನೇ ಇರುವುದು. ಸಜ್ಜಾದ ಅಡಿಯ ಕಿಟಕಿಗಳನ್ನು ಮಳೆಗಾಲದಲ್ಲೂ ತೊಳೆಯುವುದನ್ನು ಬಿಡಬೇಡಿ.